ಲಸಾನ್ಯದ ತಟ್ಟೆಯಲ್ಲಿ ಒತ್ತು ಶಾವಿಗೆ

ರಾಗಿ ಲಸಾನ್ಯ ಮಾಡುವವರು ಎರಡು ಭರವಸೆ ಕೊಡುತ್ತಾರೆ. ಇದರಲ್ಲಿ ಗ್ಲುಟೆನ್ ಇಲ್ಲ. ಇದು ಹೊಟ್ಟೆಗೆ ಹಗುರ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಮೈದಾ ಇದ್ದ ಕಡೆಯಲ್ಲೆಲ್ಲ ರಾಗಿ ತಂದಿಡುವ ಉತ್ಸಾಹ ಹೆಚ್ಚಿತು. ಬಿಸ್ಕತ್ತು, ಕೇಕು, ಪಿಜ್ಜಾ ಆದ ಮೇಲೆ ಇಟಲಿಯ ಈ ಪದರ ಪದರದ ಪಾಸ್ತಾದ ಸರದಿಯೂ ಬಂತು. ನೆಲಮಂಗಲದಂಥ ಊರಿನಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ತುಮಕೂರಿನ ಹೆದ್ದಾರಿ, ಹಾಸನದ ಹೆದ್ದಾರಿ ಕವಲೊಡೆಯುವ ಜಾಗ ಇದು. ರಸ್ತೆಯ ಅಂಗಡಿಗಳ ಫ್ರಿಜ್ಜಿನಲ್ಲಿ ಚೀಸು ಸಿಗುತ್ತದೆ, ತ್ಯಾಮಗೊಂಡ್ಲು, ಸೋಂಪುರದ ಕಡೆ ಹೊರಟರೆ ಮಳೆ ನಂಬಿದ ರಾಗಿ ಹೊಲ ಸಿಗುತ್ತದೆ. ಮನೆಯಲ್ಲೊಂದು ಪುಟ್ಟ ಓವನ್ ಇದ್ದವರಿಗೆ ಇವೆರಡನ್ನೂ ಒಂದೇ ತಟ್ಟೆಗೆ ತರುವ ಆಸೆ ಹುಟ್ಟುವುದು ಸಹಜ, ಒಳ್ಳೆಯದೂ ಹೌದು.

ಆದರೆ ನಾನು ಓದಿದ, ರುಚಿ ನೋಡಿದ ರಾಗಿ ಲಸಾನ್ಯಗಳಲ್ಲಿ ಹೆಚ್ಚಿನವು ಆ ಎರಡೂ ಭರವಸೆಗಳನ್ನು ಉಳಿಸಿಕೊಳ್ಳುವುದಿಲ್ಲ. ದೋಷ ರಾಗಿಯದಲ್ಲ. ರಾಗಿಯನ್ನು ಗೋಧಿಯಂತೆ ನಡೆಸಿಕೊಳ್ಳುವ ಹಟವೇ ದೋಷ. ರಾಗಿಗೆ ಅದರದ್ದೇ ಪಾಕವಿಧಾನ ಇದೆ, ಅದು ಈ ತಾಲ್ಲೂಕಿನ ಅಡುಗೆಮನೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ಬಿಟ್ಟು ನಾವು ಅಂಟುಪುಡಿಯ ಮೊರೆ ಹೋಗಿದ್ದೇವೆ.

ಮೊದಲು ಹಗುರದ ವಿಚಾರ. 100 ಗ್ರಾಂ ಮೈದಾದಲ್ಲಿ ಸುಮಾರು 350 ಕ್ಯಾಲೊರಿ, ಅಷ್ಟೇ ರಾಗಿ ಹಿಟ್ಟಿನಲ್ಲಿ ಸುಮಾರು 320. ಆರು ಜನರ ಒಂದು ತಟ್ಟೆಗೆ 250 ಗ್ರಾಂ ಹಿಟ್ಟು ಬೇಕೆಂದುಕೊಳ್ಳಿ. ಹಿಟ್ಟು ಬದಲಾಯಿಸಿದ್ದರಿಂದ ಇಡೀ ತಟ್ಟೆಯಲ್ಲಿ ಉಳಿಯುವುದು 75 ಕ್ಯಾಲೊರಿ, ತಲೆಗೆ ಹನ್ನೆರಡು ಹದಿಮೂರು. ಅದೇ ಬಿಳಿ ಸಾಸಿಗೆ ಹಾಕುವ 100 ಗ್ರಾಂ ಬೆಣ್ಣೆಯಲ್ಲಿ 700ಕ್ಕೂ ಹೆಚ್ಚು ಇದೆ, ಮೇಲೆ ಸುರಿಯುವ 300 ಗ್ರಾಂ ಮೊಝರೆಲ್ಲಾ ಚೀಸಿನಲ್ಲಿ ಎಂಟು ಒಂಬತ್ತು ನೂರು. ಲಸಾನ್ಯದ ಭಾರ ಕೂತಿರುವುದು ಬೆಣ್ಣೆ, ಚೀಸುಗಳಲ್ಲಿ. ಅವುಗಳನ್ನು ಮುಟ್ಟದೆ ಹಿಟ್ಟು ಬದಲಿಸಿ ಹಗುರ ಎನ್ನುವುದು ಸರಿಯಲ್ಲ. ಚೀಸಿನ ಬದಲು ಪನೀರು ಹಾಕಿದರೂ ಲೆಕ್ಕ ಬಹಳ ಇಳಿಯುವುದಿಲ್ಲ, ಹಾಲಿನ ಕೊಬ್ಬು ಅದರಲ್ಲೂ ಧಾರಾಳವಾಗಿದೆ. ಸಕ್ಕರೆ ಕಾಯಿಲೆಯವರಿಗೆ ಇದು ನಿಶ್ಚಿಂತೆಯ ಊಟ ಎಂಬ ಮಾತನ್ನೂ ಒಪ್ಪುವುದು ಕಷ್ಟ. ನುಣ್ಣಗೆ ಬೀಸಿ ಮೆತ್ತಗೆ ಬೇಯಿಸಿದ ರಾಗಿಯೂ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ರಾಗಿಯ ನಿಜವಾದ ಹೆಚ್ಚುಗಾರಿಕೆ ನಾರು ಮತ್ತು ಸುಣ್ಣದ ಅಂಶ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಗೋಧಿಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹೊಗಳುವುದಾದರೆ ಇದನ್ನು ಹೊಗಳೋಣ.

ಮೂಲದ ಲಸಾನ್ಯವೇ ನಾವು ಅಂದುಕೊಂಡಷ್ಟು ಚೀಸುಮಯವಲ್ಲ ಎಂಬುದನ್ನೂ ಹೇಳಬೇಕು. ಬೊಲೊನ್ಯಾ ನಗರದ ಪದ್ಧತಿಯಲ್ಲಿ ಗೋಧಿ ಹಿಟ್ಟಿಗೆ ಮೊಟ್ಟೆ, ಪಾಲಕ್ ಸೊಪ್ಪು ಸೇರಿಸಿ ಕಲಸಿ ತೆಳ್ಳಗೆ ಲಟ್ಟಿಸಿದ ಹಾಳೆ, ಗಂಟೆಗಟ್ಟಲೆ ಕುದಿಸಿದ ಮಾಂಸದ ಗೊಜ್ಜು, ಬೆಶಮೆಲ್ ಎಂಬ ಬಿಳಿ ಸಾಸು, ತುರಿದ ಪಾರ್ಮಿಜಾನೋ ಚೀಸು, ಇಷ್ಟೇ. ಎಳೆ ಎಳೆಯಾಗಿ ಎಳೆಯುವ ಮೊಝರೆಲ್ಲಾ ನೇಪಲ್ಸ್ ಕಡೆಯ ಹಬ್ಬದ ಲಸಾನ್ಯದ್ದು, ಅಮೆರಿಕದಲ್ಲಿ ಅದು ಇನ್ನೂ ದಪ್ಪವಾಯಿತು. ನಮ್ಮ ಕೈಗೆ ಬಂದದ್ದು ಆ ದಪ್ಪಗಾದ ರೂಪ.

ಆ ಹಾಳೆ ನಿಲ್ಲುವುದು ಗ್ಲುಟೆನ್ನಿನಿಂದ. ಗೋಧಿಯ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಕುಡಿದು, ನಾದಿದಂತೆಲ್ಲ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಹಾಗಾಗಿ ಲಟ್ಟಿಸಿದರೆ ಹಿಗ್ಗುತ್ತದೆ, ಕುದಿಸಿದರೆ ಬಿಚ್ಚುವುದಿಲ್ಲ. ರಾಗಿಯಲ್ಲಿ ಈ ಬಲೆ ಇಲ್ಲ. ತಣ್ಣೀರಿನಲ್ಲಿ ಕಲಸಿ ಲಟ್ಟಿಸಿದ ರಾಗಿ ಹಾಳೆಯನ್ನು ಎತ್ತುವಾಗಲೇ ಅದು ಅಂಚಿನಿಂದ ಸೀಳುತ್ತದೆ. ಈ ಕೊರತೆ ತುಂಬಲು ಈಗಿನ ಪಾಕಗಳು ಕ್ಸಾಂಥನ್ ಗಮ್ಮು ಎಂಬ ಅಂಟುಪುಡಿ ಹಾಕುತ್ತವೆ. ಹಾಳೆ ನಿಲ್ಲುತ್ತದೇನೋ ಹೌದು, ಬಾಯಲ್ಲಿ ಲೋಳೆ ಬರುತ್ತದೆ, ರಾಗಿಯ ಘಮ ಎಲ್ಲೋ ಹಿಂದೆ ಸರಿಯುತ್ತದೆ. ಇನ್ನು ಕೆಲವರು ಹಾಳೆಯ ಗೋಜೇ ಬೇಡವೆಂದು ಬದನೆಕಾಯಿ, ಜುಕಿನಿಯನ್ನು ಉದ್ದುದ್ದ ಸೀಳಿ ಪದರ ಹಾಕುತ್ತಾರೆ. ಅದು ನಿಜಕ್ಕೂ ಹಗುರ. ಆದರೆ ತರಕಾರಿ ಬಿಟ್ಟ ನೀರು ತಳದಲ್ಲಿ ನಿಂತು ಊಟ ಪಲ್ಯಕ್ಕೂ ಸಾರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆಯೂ ತುಂಬುವುದಿಲ್ಲ. ಅಂಗಡಿಯ ರಾಗಿ ಪಾಸ್ತಾ ತಂದು ಮುಗಿಸುವವರು ಪೊಟ್ಟಣದ ಹಿಂಬದಿ ಓದಬೇಕು. ಎದುರಿಗೆ ರಾಗಿ ತೆನೆಯ ಚಿತ್ರವಿದ್ದರೂ ಒಳಗೆ ಮೊದಲ ಸಾಮಗ್ರಿ ಗೋಧಿ ರವೆ ಎಂದಿರುವ ಪೊಟ್ಟಣಗಳು ಬೇಕಾದಷ್ಟಿವೆ.

ಗ್ಲುಟೆನ್ ಇಲ್ಲದ ಹಿಟ್ಟಿನಿಂದ ಎಳೆ ತೆಗೆಯುವುದು ಹೇಗೆಂದು ಒತ್ತು ಶಾವಿಗೆ ಮಾಡುವ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಉಪ್ಪು, ಒಂದು ಚಮಚ ಎಣ್ಣೆ ಹಾಕಿದ ನೀರು ಮರಳಬೇಕು. ಆಗ ಹಿಟ್ಟು ಸುರಿದು, ಮುಚ್ಚಿ, ಬೇಯಲು ಬಿಟ್ಟು, ಗಂಟಿಲ್ಲದಂತೆ ಕೋಲಿನಲ್ಲಿ ತೊಳಸಿ, ಬಿಸಿ ಇರುವಾಗಲೇ ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟಿ, ಆ ಉಂಡೆಗಳನ್ನು ಮತ್ತೆ ಹಬೆಯಲ್ಲಿ ಬೇಯಿಸಿ ಶಾವಿಗೆ ಒರಳಿನಲ್ಲಿ ಒತ್ತಬೇಕು. ಎರಡು ಸಲ ಬೇಯಿಸುವುದರಲ್ಲೇ ಎಲ್ಲ ಇದೆ. ಬಿಸಿನೀರಿನಲ್ಲಿ ರಾಗಿಯ ಪಿಷ್ಟ ಊದಿಕೊಂಡು ಅಂಟಾಗುತ್ತದೆ, ಪ್ರೋಟೀನಿನ ಬಲೆ ಮಾಡುವ ಕೆಲಸವನ್ನು ಆ ಅಂಟು ಮಾಡುತ್ತದೆ. ಗೋಧಿಯಿಲ್ಲದ ಪಾಸ್ತಾ ಮಾಡುವ ಕಾರ್ಖಾನೆಗಳೂ ಅಕ್ಕಿ, ಮೆಕ್ಕೆಜೋಳದ ಹಿಟ್ಟನ್ನು ಮೊದಲು ಹಬೆಯಲ್ಲಿ ಬೇಯಿಸಿ ಪಿಷ್ಟವನ್ನು ಅಂಟಾಗಿಸಿಕೊಂಡೇ ಅಚ್ಚಿಗೆ ಹಾಕುವುದು. ಅದೇ ವಿದ್ಯೆಯನ್ನು ನಮ್ಮ ಕಡೆ ಒಂದು ಒರಳು, ಇಬ್ಬರ ತೋಳುಬಲದಲ್ಲಿ ನಡೆಸಿಕೊಂಡು ಬಂದಿದ್ದಾರೆ. ಕಾಯಿ ಹಾಲಿಗೂ ಸೈ, ಕೋಳಿ ಸಾರಿಗೂ ಸೈ ಎನ್ನುವ ಆ ಶಾವಿಗೆ ಓವನ್ನಿನ ತಟ್ಟೆಗೂ ಸೈ.

ನನ್ನ ತೀರ್ಮಾನ ಇಷ್ಟು: ರಾಗಿಯಲ್ಲಿ ಹಾಳೆ ಮಾಡುವ ಆಸೆ ಬಿಡಬೇಕು. ತಟ್ಟೆಯ ತಳಕ್ಕೆ ಗೊಜ್ಜು ಸವರಿ, ಅದರ ಮೇಲೆ ನೇರವಾಗಿ ಒರಳಿನಿಂದ ಶಾವಿಗೆ ಒತ್ತಬೇಕು. ಎಳೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ತೆಳುವಾದ ಜಾಲ ಆಗುತ್ತದೆ. ಅದರ ಮೇಲೆ ಮತ್ತೆ ಗೊಜ್ಜು, ಬಿಳಿ ಸಾಸು, ಮತ್ತೆ ಶಾವಿಗೆ. ಹಾಳೆಯ ಮೇಲೆ ಸಾಸು ನಿಲ್ಲುತ್ತದೆ, ಜಾಲದ ಒಳಗೆ ಇಳಿಯುತ್ತದೆ. ರಾಗಿ ಹಾಳೆಯ ದೊಡ್ಡ ರೋಗವೇ ಒಣಗುವುದು. ಓವನ್ನಿನಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅಂಚು ಚಕ್ಕೆಯಾಗುತ್ತದೆ. ಜಾಲದಲ್ಲಿ ಆ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಕತ್ತರಿಸಿದಾಗ ಪದರವೂ ಕಾಣುತ್ತದೆ, ಆದರೆ ಹತ್ತು ನಿಮಿಷ ಆರಲು ಬಿಟ್ಟು ಕತ್ತರಿಸಬೇಕು. ಇದು ಇಟಲಿಯ ಸಂಪ್ರದಾಯಕ್ಕೆ ಅಪಚಾರವೇನೂ ಅಲ್ಲ. ಅಲ್ಲಿ ಶಾವಿಗೆಯಂಥ ವರ್ಮಿಚೆಲ್ಲಿಯನ್ನು ಅಚ್ಚಿನಲ್ಲಿಟ್ಟು ಬೇಯಿಸುವ ತಿಂಬಾಲ್ಲೋ ಇದೆ. ಉತ್ತರದ ಬೆಟ್ಟಸೀಮೆಯಲ್ಲಿ ಮೆಕ್ಕೆಜೋಳದ ಮುದ್ದೆಯನ್ನು ಆರಿಸಿ, ಹಲ್ಲೆ ಕತ್ತರಿಸಿ, ಗೊಜ್ಜು, ಬಿಳಿ ಸಾಸಿನ ಜೊತೆ ಪದರವಿಟ್ಟು ಬೇಯಿಸುವ ಪೊಲೆಂಟಾ ಪಸ್ತಿಚ್ಚಾತಾ ಇದೆ. ವಾಲ್ತೆಲ್ಲೀನಾ ಕಣಿವೆಯವರು ಬಕ್‌ವೀಟ್ ಹಿಟ್ಟಿನ ಪಿಟ್ಸೊಕ್ಕೇರಿ ಎಂಬ ಪಾಸ್ತಾವನ್ನು ಎಲೆಕೋಸು, ಆಲೂಗಡ್ಡೆ, ಚೀಸಿನೊಂದಿಗೆ ತಿನ್ನುತ್ತಾರೆ. ಅದರ ಹೆಸರಾಂತ ಪಾಕದಲ್ಲಿ 400 ಗ್ರಾಂ ಬಕ್‌ವೀಟಿಗೆ 100 ಗ್ರಾಂ ಗೋಧಿ ಸೇರುತ್ತದೆ, ಹಿಡಿತಕ್ಕಾಗಿ. ಒರಟು ಧಾನ್ಯದ ಸೀಮೆಯವರು ಎಲ್ಲೆಡೆ ತಮ್ಮ ಧಾನ್ಯ ಒಪ್ಪುವ ಆಕಾರವನ್ನೇ ಹುಡುಕಿಕೊಂಡಿದ್ದಾರೆ.

ಹಾಳೆಯೇ ಬೇಕು ಎನ್ನುವವರಿಗೆ ಇನ್ನೊಂದು ದಾರಿ ಇದೆ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಅಕ್ಕಿ ಹಪ್ಪಳಕ್ಕೆ ಮಾಡುವಂತೆ ಎಣ್ಣೆ ಸವರಿದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಹಬೆಗಿಡುವುದು. ಬೂದಿ ಬಣ್ಣದ ಹಿಟ್ಟು ನೋಡನೋಡುತ್ತ ಹೊಳೆಯುವ ಕಂದು ಹಾಳೆಯಾಗುತ್ತದೆ, ಚಾಕುವಿನ ತುದಿಯಿಂದ ಎಬ್ಬಿಸಿದರೆ ಇಡಿಯಾಗಿ ಏಳುತ್ತದೆ. ಕಣ್ಣಿಗೆ ಇಷ್ಟು ಚೆಂದದ ರಾಗಿ ಹಾಳೆ ಬೇರೆ ಯಾವ ರೀತಿಯಲ್ಲೂ ಆಗದು. ಆದರೂ ನಾನು ಇದನ್ನು ಎರಡನೆಯ ಸ್ಥಾನದಲ್ಲಿಡುತ್ತೇನೆ. ರಾಗಿಯ ನಾರು, ಕ್ಯಾಲ್ಸಿಯಂ ಹೆಚ್ಚಾಗಿರುವುದು ಸಿಪ್ಪೆಯಲ್ಲಿ. ಬಟ್ಟೆಯಲ್ಲಿ ಉಳಿದ ಚರಟದೊಂದಿಗೆ ಅವುಗಳಲ್ಲಿ ಬಹುಪಾಲು ಹೋಯಿತು. ಉಳಿದದ್ದು ನಯವಾದ ಪಿಷ್ಟ. ಬಣ್ಣಕ್ಕೆ ಹೆದರುವವರಿಗೆ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದವರು ರೂಪಿಸಿದ ಕೆಎಂಆರ್-340 ಎಂಬ ಬಿಳಿ ರಾಗಿ ತಳಿಯೂ ಇದೆ. ಮಕ್ಕಳನ್ನು ಒಪ್ಪಿಸಲು ಅದು ಒಳ್ಳೆಯ ಉಪಾಯ, ನನಗಂತೂ ಕಂದು ಬಣ್ಣದ ಮೇಲೆ ಕೆಂಪು ಗೊಜ್ಜೇ ಚೆನ್ನಾಗಿ ಕಾಣುತ್ತದೆ.

ಸಾಸಿನ ವಿಷಯದಲ್ಲಿ ಬೆಶಮೆಲ್‌ನ ಮೈದಾ ತೆಗೆದು ಅಕ್ಕಿ ಹಿಟ್ಟು ಹಾಕಿದರೆ ಗ್ಲುಟೆನ್ ಹೋಗುತ್ತದೆ, ಬೆಣ್ಣೆ ಹಾಗೆಯೇ ಉಳಿಯುತ್ತದೆ. ಮಜ್ಜಿಗೆಹುಳಿ ಬಲ್ಲವರು ಇನ್ನೂ ಚೆನ್ನಾಗಿ ಮಾಡಬಹುದು. ನೆನೆಸಿದ ಕಡಲೆಬೇಳೆ, ಒಂದು ಚಮಚ ಅಕ್ಕಿ ನುಣ್ಣಗೆ ರುಬ್ಬಿ, ಗಟ್ಟಿ ಮೊಸರಿಗೆ ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಮೊಸರು ಒಡೆಯದೆ ಗಟ್ಟಿಯಾಗುತ್ತದೆ. ಚಮಚದ ಬೆನ್ನಿಗೆ ಅಂಟುವ ಹದ ಬಂದಾಗ ಇಳಿಸಿ, ಜಾಯಿಕಾಯಿ ತುರಿದರೆ ಬೆಣ್ಣೆಯಿಲ್ಲದ ಬಿಳಿ ಸಾಸು ಸಿದ್ಧ. ಅದರ ಹುಳಿ ರಾಗಿಗೆ ಹೊಂದುತ್ತದೆ, ಬೆಶಮೆಲ್‌ನ ಸಿಹಿಯಂತೆ ರಾಗಿಯ ಘಮವನ್ನು ಮಂಕಾಗಿಸುವುದಿಲ್ಲ. ಚೀಸನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. 300 ಗ್ರಾಂ ಸಪ್ಪೆ ಮೊಝರೆಲ್ಲಾದ ಬದಲು 80 ಗ್ರಾಂ ಹಳೆಯ, ಖಾರವಾದ ಚೀಸು ಮೇಲಿನ ಪದರಕ್ಕೆ ಮಾತ್ರ ತುರಿದರೆ ಸಾಕು.

ನಡುವಿನ ಹೂರಣಕ್ಕೆ ಹಿತಕಿದ ಅವರೆಗಿಂತ ಮೇಲಾದದ್ದು ನನಗೆ ಕಂಡಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವುದೇ ಅವರೆ, ಪಕ್ಕದ ಮಾಗಡಿಯ ಅವರೆಗಂತೂ ದೊಡ್ಡ ಹೆಸರು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಗೊಜ್ಜಿನಲ್ಲಿ ಬೆಂದ ಹಿತಕಿದ ಬೇಳೆ ಅರ್ಧ ಕರಗಿ ಅರ್ಧ ಉಳಿದು, ಕೊಚ್ಚಿದ ಮಾಂಸ ಕೊಡುವ ಮೈಯನ್ನು ಕೊಡುತ್ತದೆ. ಸಬ್ಬಸಿಗೆ ಸೊಪ್ಪು ಒಂದು ಹಿಡಿ ಬೀಳಲೇಬೇಕು. ಡಿಸೆಂಬರ್, ಜನವರಿ ಕಳೆದ ಮೇಲೆ ಅಲಸಂದೆ ಹಾಕಬಹುದು, ರುಚಿ ಒಂದು ಮೆಟ್ಟಿಲು ಇಳಿಯುತ್ತದೆ.

ಇನ್ನು ಮೊದಲನೆಯ ಭರವಸೆ. ಗ್ಲುಟೆನ್ ಬಿಡುವುದು ಹಲವರಿಗೆ ಆಯ್ಕೆ, ಸೀಲಿಯಾಕ್ ಕಾಯಿಲೆ ಇರುವವರಿಗೆ ಅದೇ ಔಷಧ. ಅವರ ದೇಹ ಗ್ಲುಟೆನ್ ಕಂಡರೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡಿಕೊಳ್ಳುತ್ತದೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1930ರ ದಶಕದಲ್ಲೇ ಊಹಿಸಿದ್ದರು. 1944–45ರ ಕ್ಷಾಮದ ಚಳಿಗಾಲದಲ್ಲಿ ಬ್ರೆಡ್ಡು ಸಿಗದೆ ಹೋದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದದ್ದು ಆ ಊಹೆಗೆ ಬಲ ಕೊಟ್ಟಿತು. 1950ರಲ್ಲಿ ಅವರ ಪ್ರಬಂಧ ಹೊರಬಂತು. ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆ ಕಡಿಮೆ. ಅದಕ್ಕೇ ಅಡುಗೆ ಮಾಡುವವರಿಗೂ ಇದರ ಅರಿವು ಕಡಿಮೆ, ಅಪಾಯ ಇರುವುದೂ ಅಲ್ಲೇ.

ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ರಹಿತ ಎಂದು ಮಾರುವಂತಿಲ್ಲ. ಎಷ್ಟು ಸಣ್ಣ ಅಳತೆ ಎಂಬುದು ಹಿಟ್ಟಿನ ಗಿರಣಿಯಲ್ಲಿ ನಿಂತರೆ ಗೊತ್ತಾಗುತ್ತದೆ. ಮುಂದಿನವರ ಗೋಧಿ ಮುಗಿದ ಕೂಡಲೇ ಅದೇ ಯಂತ್ರಕ್ಕೆ ನಮ್ಮ ರಾಗಿ ಬೀಳುತ್ತದೆ, ಚೀಲದಲ್ಲಿ ಮೊದಲು ಇಳಿಯುವ ಹಿಟ್ಟು ಬೆಳ್ಳಗಿರುತ್ತದೆ. ಆ ಬೆಳ್ಳನೆಯ ಹಿಡಿಯೊಂದೇ ಸಾಕು, ಸೀಲಿಯಾಕ್ ಇರುವ ಮಗುವಿನ ಪಾಲಿಗೆ ಇಡೀ ಚೀಲ ಗೋಧಿ ಹಿಟ್ಟಾದಂತೆ. ಅಂಥ ಮನೆಯವರು ರಾಗಿಗೆಂದೇ ಬೇರೆ ಯಂತ್ರವಿರುವ ಗಿರಣಿ ಹುಡುಕಬೇಕು, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಬೇಕು. ಒಗ್ಗರಣೆಯ ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಬೇಕು, ಅಪ್ಪಟ ಇಂಗು ಬಹಳ ಘಾಟಾದ್ದರಿಂದ ಅದಕ್ಕೆ ಮೈದಾ ಬೆರೆಸಿ ಮಾರುವುದು ವಾಡಿಕೆ. ಲಟ್ಟಣಿಗೆ, ಚಪಾತಿ ಮಣೆ, ಮೈದಾ ಕೇಕು ಬೇಯಿಸಿದ ತಟ್ಟೆಯ ಮೂಲೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಂಗಡಿ, ಹೋಟೆಲಿನವರು ಇಷ್ಟು ಮಾಡಲಾಗದಿದ್ದರೆ ರಾಗಿ ಲಸಾನ್ಯ ಎಂದಷ್ಟೇ ಬರೆಯಲಿ, ಗ್ಲುಟೆನ್ ಮಾತು ಎತ್ತದಿರಲಿ.

ಇಷ್ಟೆಲ್ಲ ಆದ ಮೇಲೂ ಕಳೆದುಕೊಳ್ಳುವುದು ಇದೆ. ಗೋಧಿ ಹಾಳೆ ಹಲ್ಲಿಗೆ ಕೊಡುವ ಪುಟಿತ ರಾಗಿ ಶಾವಿಗೆಯಲ್ಲಿ ಬರುವುದಿಲ್ಲ. ಮೂಲೆಯ ತುಂಡಿನಲ್ಲಿ ಕರಿದಂತೆ ಗರಿಗರಿಯಾದ ಅಂಚು, ಅದರಡಿಯ ಮೆತ್ತನೆಯ ಪದರ, ಅದೊಂದು ಸುಖ ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಬದಲಿಗೆ ಸಿಗುವುದು ಮಣ್ಣಿನ ವಾಸನೆಗೆ ಹತ್ತಿರವಾದ ರಾಗಿಯ ಘಮ, ಅದಕ್ಕೆ ಎದುರಾಗಿ ಟೊಮೆಟೊ, ಮೊಸರಿನ ಹುಳಿ, ಅವರೆಯ ಸೊಗಡು. ತಿಂದು ಎದ್ದಾಗ ನಿದ್ದೆ ಎಳೆಯುವುದಿಲ್ಲ. ಮಾರನೆಯ ದಿನಕ್ಕೆ ಎತ್ತಿಡುವ ಊಟವೂ ಇದಲ್ಲ. ಫ್ರಿಜ್ಜಿನಲ್ಲಿಟ್ಟ ರಾಗಿ ಬಿರುಸಾಗುತ್ತದೆ, ಮತ್ತೆ ಬಿಸಿ ಮಾಡಿದರೂ ಮೊದಲಿನ ಮೆದು ಪೂರ್ತಿ ಮರಳುವುದಿಲ್ಲ. ಮಾಡಿದ ಹೊತ್ತಿಗೇ ಆರು ಜನ ಕೂರುವ ಹಾಗಿದ್ದರೆ ಮಾತ್ರ ಒರಳು ಇಳಿಸಿಕೊಳ್ಳಿ.