ಹಣ್ಣು ಕುಯ್ದವರು ಯಾರು?

ಈಗ ಒಳ್ಳೆಯ ಕಾಫಿಯ ಪೊಟ್ಟಣ ಕೈಗೆತ್ತಿಕೊಂಡರೆ ಅದರ ಮೇಲೆ ಒಂದು ಜಾತಕವೇ ಇರುತ್ತದೆ. ತೋಟದ ಹೆಸರು, ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಗಿಡದ ತಳಿ ಯಾವುದು, ಬೀಜವನ್ನು ತೊಳೆದು ಒಣಗಿಸಿದ್ದೋ ಹಣ್ಣಾಗಿಯೇ ಒಣಗಿಸಿದ್ದೋ, ಹುರಿದ ತಾರೀಖು ಯಾವುದು, ಎಲ್ಲವೂ ಅಚ್ಚಾಗಿರುತ್ತವೆ. ಹಣ್ಣು ಕುಯ್ದವರು ಯಾರು ಎಂಬುದೊಂದು ಮಾತ್ರ ಇರುವುದಿಲ್ಲ. ಕಾಫಿಯ ರುಚಿ ಬಲ್ಲವರು ಇನ್ನು ಮುಂದೆ ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ನಂಬಿದ್ದೇನೆ.

ಉಣ್ಣುವ, ಉಡುವ, ಕುಡಿಯುವ ಪದಾರ್ಥದ ಹಿಂದಿರುವ ಜನರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ನನಗೆ ಹತ್ತಿದ ಗೀಳು. ಬೆಲ್ಲಕ್ಕೆ ಆಲೆಮನೆ ಸಿಗುತ್ತದೆ, ಸೀರೆಗೆ ಮಗ್ಗದ ಮನೆ ಸಿಗುತ್ತದೆ. ಕಾಫಿಯ ಹಾದಿ ಮಾತ್ರ ಅಷ್ಟು ಸಲೀಸಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಗುಡ್ಡಗಳಲ್ಲೇ. ಆದರೂ ದಿನಕ್ಕೆರಡು ಲೋಟ ಕುಡಿಯುವ ನಮಗೆ ಆ ಗುಡ್ಡಗಳಲ್ಲಿ ದುಡಿಯುವವರ ಪರಿಚಯವಿಲ್ಲ.

ಇದಕ್ಕೆ ಒಂದು ಚರಿತ್ರೆಯಿದೆ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಬೆಳೆಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಹಳೆಯ ಬೆಳೆಗಾರರು ಇಂದಿಗೂ ಅದನ್ನು 'ಪೂಲ್' ಎನ್ನುತ್ತಾರೆ. ಯುದ್ಧಕಾಲದಲ್ಲಿ ಮಾರುಕಟ್ಟೆ ಕುಸಿದಾಗ ಬೆಳೆಗಾರರನ್ನು ಉಳಿಸಿದ ಏರ್ಪಾಡು ಅದು. ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ನೂರಾರು ತೋಟಗಳ ಬೀಜ ಒಂದೇ ರಾಶಿಗೆ ಬಿದ್ದು, ದರ್ಜೆಯ ಹೆಸರೊಂದನ್ನು ಬಿಟ್ಟು ಉಳಿದ ಗುರುತೆಲ್ಲ ಅಳಿಸಿಹೋಯಿತು. 1990ರ ದಶಕದ ಮೊದಲಲ್ಲಿ ಈ ಹಿಡಿತ ಸಡಿಲವಾಗುತ್ತ ಬಂದು, 1996ರ ಹೊತ್ತಿಗೆ ಬೆಳೆಗಾರರೆಲ್ಲರಿಗೂ ತಮ್ಮ ಕಾಫಿಯನ್ನು ತಾವೇ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಪೊಟ್ಟಣದ ಮೇಲೆ ತೋಟದ ಹೆಸರು ಕಾಣಿಸಿಕೊಂಡದ್ದು ಅದಾದ ಮೇಲೆಯೇ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತೂ (ಜಿಐ) ದಕ್ಕಿತು. ಹೀಗೆ ಊರಿಗೆ ಹೆಸರು ಬಂತು, ಮಾಲೀಕರಿಗೂ ಹೆಸರು ಬಂತು. ಕುಯ್ಲಿಗೆ ಬಂದ ಕೈಗಳು ಇನ್ನೂ ರಾಶಿಯೊಳಗೇ ಉಳಿದಿವೆ.

ರುಚಿಯ ಅರ್ಧ ಪಾಲು ತೀರ್ಮಾನವಾಗುವುದು ಆ ಕೈಗಳಲ್ಲೇ. ಅರೇಬಿಕಾ ಹಣ್ಣು ಗೊಂಚಲಿನಲ್ಲಿ ಒಂದೇ ಸಲ ಮಾಗುವುದಿಲ್ಲ. ಒಂದೇ ರೆಂಬೆಯಲ್ಲಿ ಕೆಂಪು ಹಣ್ಣು, ಅರೆ ಹಳದಿ, ಹಸಿರು ಕಾಯಿ, ಒಣಗಿ ಕಪ್ಪಾದದ್ದು ಎಲ್ಲ ಒಟ್ಟಿಗಿರುತ್ತವೆ. ನವೆಂಬರ್‌ನಿಂದ ಶುರುವಾಗುವ ಕುಯ್ಲಿನಲ್ಲಿ ಒಂದೇ ಗಿಡದ ಬುಡಕ್ಕೆ ಮೂರು ನಾಲ್ಕು ಸುತ್ತು ಬಂದು, ಮಾಗಿದ್ದನ್ನಷ್ಟೇ ಬಿಡಿಸಬೇಕು. ಹಸಿರು ಕಾಯಿ ಸೇರಿದರೆ ಕಾಫಿ ಒಗರಾಗುತ್ತದೆ. ಗಿಡದಲ್ಲೇ ಹಣ್ಣು ಕೊಳೆತರೆ ಹುಳಿತ ವಾಸನೆ ಬರುತ್ತದೆ. ಯಾವ ಹುರಿಯುವವರ ಕೌಶಲವೂ ಇದನ್ನು ಆಮೇಲೆ ಸರಿಪಡಿಸಲಾರದು. ನಾವು ನಾಲಗೆಯ ಮೇಲೆ ಹುಡುಕುವ ಸಿಹಿ ಕುಯ್ಯುವವರ ಕಣ್ಣಿನಿಂದ ಬಂದದ್ದು.

ಕುಯ್ಲಿನ ಕೂಲಿ ಬಹುಮಟ್ಟಿಗೆ ತೂಕಕ್ಕೆ ಕಟ್ಟಿಬಿದ್ದಿದೆ. ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿ, ಅದರ ಮೇಲೆ ಕಿತ್ತ ಪ್ರತಿ ಕಿಲೋಗೂ ಇಷ್ಟು ಎನ್ನುವುದು ಅನೇಕ ತೋಟಗಳ ರೂಢಿ. ಸಂಜೆ ಚೀಲ ತೂಗಿ ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹಣ್ಣು ಆರಿಸಿ ಕುಯ್ದರೆ ಕೈ ನಿಧಾನವಾಗುತ್ತದೆ, ಚೀಲದ ತೂಕ ಇಳಿಯುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಎಳೆದರೆ ತೂಕ ಏರುತ್ತದೆ. ಹಾಗಿದ್ದ ಮೇಲೆ ಹಣ್ಣನ್ನಷ್ಟೇ ಕುಯ್ಯಿರಿ ಎಂದು ಹೇಳಿ ಕೂಲಿಯ ಲೆಕ್ಕವನ್ನು ಹಳೆಯ ರೀತಿಯಲ್ಲೇ ಇಟ್ಟರೆ, ನನ್ನ ಲೋಟದ ರುಚಿಗೆ ಬೆಲೆ ತೆತ್ತವಳು ಹಣ್ಣು ಕುಯ್ದ ಹೆಣ್ಣುಮಗಳು. ಇದನ್ನು ತಿಳಿದ ತೋಟದವರು ಆರಿಸಿ ಕುಯ್ಯುವ ಸುತ್ತಿಗೆ ಹೆಚ್ಚಿನ ದರ ಕೊಡುತ್ತಾರೆ. ಒಂದು ತೋಟ ಒಳ್ಳೆಯದೋ ಅಲ್ಲವೋ ಎಂದು ನಾನು ತೂಗುವುದು ಈ ಒಂದು ವಿಷಯದಿಂದಲೇ.

ಕುಯ್ಯುವವರೊಬ್ಬರೇ ಅಲ್ಲ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ನೆತ್ತಿಗೆ ಹತ್ತಿ ಕೊಂಬೆ ಸವರುವವರಿದ್ದಾರೆ. ಮಲೆನಾಡಿನಲ್ಲಿ ಅದಕ್ಕೆ ಮರಗಸಿ ಎಂಬ ಹೆಸರು. ತೋಟದ ಕೆಲಸಗಳಲ್ಲೆಲ್ಲ ಜೀವಕ್ಕೆ ಅಪಾಯ ಹೆಚ್ಚಿರುವುದು ಅದರಲ್ಲಿ. ಕುಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸುವವರು, ಕಣದಲ್ಲಿ ಬಿಸಿಲಿಗೆ ಹರವಿ ಗಂಟೆಗಂಟೆಗೆ ಕೈಯಾಡಿಸುವವರು, ಸಂಜೆ ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಟಾರ್ಪಾಲು ಹೊದಿಸುವವರು ಇದ್ದಾರೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ಪು ಬೀಜ, ಮುರುಕು ಬೀಜ ಆರಿಸುವ ಹೆಂಗಸರಿದ್ದಾರೆ. ಒಂದು ಕಿಲೋ ಬೀಜಕ್ಕೆ ಸುಮಾರು 5–6 ಕಿಲೋ ಹಣ್ಣು ಬೇಕು ಎಂಬುದನ್ನು ನೆನೆದರೆ, ಒಂದು ಪೊಟ್ಟಣದ ಮೇಲೆ ಎಷ್ಟು ಬೆರಳು ಆಡಿರುತ್ತವೆ ಎಂಬ ಅಂದಾಜು ಸಿಗುತ್ತದೆ. ಈಗ ಕುಯ್ಲಿನ ಕಾಲದಲ್ಲಿ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತರೆ ಕನ್ನಡ, ತುಳು, ತಮಿಳಿನ ಜೊತೆಗೆ ಅಸ್ಸಾಮಿ, ಬಂಗಾಳಿಯೂ ಕೇಳಿಸುತ್ತದೆ. ನಮ್ಮ ಕಾಫಿಯ ಬಂಧುಬಳಗ ಅಷ್ಟು ದೂರದವರೆಗೂ ಹಬ್ಬಿದೆ.

ಮಾಲೀಕರೇ ಕುಯ್ಯುವ ಕಾಫಿಯೂ ಇದೆ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅವುಗಳಲ್ಲಿ ಎಷ್ಟೋ ಕಡೆ ಮನೆಮಂದಿಯೇ ಚೀಲ ಕಟ್ಟಿಕೊಂಡು ಗಿಡದ ಸಾಲಿಗೆ ಇಳಿಯುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ಮರಗಳ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಅಂಥವರ ಕಾಫಿ ಸಿಕ್ಕರೆ ಬಿಡಬೇಡಿ. ನೀವು ಕೊಟ್ಟ ದುಡ್ಡು ಯಾರ ಮನೆ ಸೇರಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎಲ್ಲರನ್ನೂ ಮುಖತಃ ಅರಿಯಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ನಮ್ಮ ಕಾಫಿಯ ಹಾಲು ಹಳ್ಳಿಯ ಡೇರಿಯ ಕ್ಯಾನಿಗೆ ಬಿದ್ದೊಡನೆ ಹತ್ತಾರು ಮನೆಯ ಹಾಲಿನೊಂದಿಗೆ ಬೆರೆತುಹೋಗುತ್ತದೆ. ಪುಡಿಗೆ ಬೆರೆಸುವ ಚಿಕೋರಿ ಗುಜರಾತಿನದೋ ಉತ್ತರ ಪ್ರದೇಶದದೋ ಗೆಡ್ಡೆ. ಇಂಥ ಕಡೆ ವ್ಯಕ್ತಿಯನ್ನು ಹುಡುಕುವ ಬದಲು ವ್ಯವಸ್ಥೆಯನ್ನು ಅರಿಯಬೇಕು: ಅದು ಯಾರ ಕೈಯಲ್ಲಿದೆ, ಲಾಭ ಯಾರಿಗೆ ಹೋಗುತ್ತದೆ? ಹಳ್ಳಿಯ ಹಾಲಿನ ಸಂಘದಲ್ಲಿ ಹಾಲು ಹಾಕುವವರೇ ಸದಸ್ಯರು. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ ಇನ್ನೊಂದು ಉದಾಹರಣೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಹೊರಟಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ 1957ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. 2009ರವರೆಗೆ ಎಂ.ಜಿ. ರಸ್ತೆಯಲ್ಲಿದ್ದು ಆಮೇಲೆ ಚರ್ಚ್ ಸ್ಟ್ರೀಟಿಗೆ ಬಂದ ಆ ಹೋಟೆಲಿನಲ್ಲಿ, ಪೇಟ ತೊಟ್ಟು ಕಾಫಿ ತಂದಿಡುವವರು ನೌಕರರ ಸ್ವಂತ ಸಂಘದವರು. ಇದು ತಿಳಿದ ಮೇಲೆ ಅವರೊಡನೆ ಮಾತಾಡುವ ನಮ್ಮ ದನಿಯೇ ಬೇರೆಯಾಗುತ್ತದೆ.

ಪರಿಚಯಕ್ಕೂ ಒಂದು ಮರ್ಯಾದೆಯಿದೆ. ಹೋಂಸ್ಟೇಗೆ ಹೋದವರು ಕುಯ್ಲಿನ ಹೆಂಗಸರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಬರುವುದು ಪರಿಚಯವಲ್ಲ. ತೂಕದ ಮೇಲೆ ಕೂಲಿ ಪಡೆಯುವವರ ಹೊತ್ತನ್ನು ನಾವು ಹಾಳುಮಾಡಬಾರದು. ಸಂಜೆ ತೂಕ ಮುಗಿದ ಮೇಲೆ, ಅವರಿಗೆ ಪುರುಸೊತ್ತಿದ್ದರೆ, ಅಕ್ಕಾ ಎಂದು ಕರೆದು ಮಾತಾಡಿಸಿ. ಯಾವ ಊರು, ಮಕ್ಕಳು ಎಲ್ಲಿ ಓದುತ್ತಾರೆ, ಈ ಸಲದ ಕುಯ್ಲು ಹೇಗಿದೆ ಎಂದು ಕೇಳಿ. ಅವರು ನಿಮ್ಮ ಬಗ್ಗೆ ಕೇಳಿದರೆ ಅಷ್ಟೇ ಬಿಚ್ಚುಮನಸ್ಸಿನಿಂದ ಹೇಳಿ. ಒಂದೇ ಕಡೆಯಿಂದ ತಿಳಿದುಕೊಂಡರೆ ಅದು ವಿಚಾರಣೆಯಾದೀತು, ಪರಿಚಯವಾಗದು.

ತೋಟಕ್ಕೆ ಹೋಗಲಾಗದವರು ಅಂಗಡಿಯಲ್ಲೇ ಶುರುಮಾಡಬಹುದು. ಪುಡಿ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಬೀಜ ಯಾವ ತೋಟದ್ದು? ಕುಯ್ಲು ಎಷ್ಟು ಸುತ್ತು ನಡೆಯಿತು? ಹಣ್ಣು ಆರಿಸಿ ಕುಯ್ಯುವವರಿಗೆ ಕೂಲಿ ಹೆಚ್ಚು ಕೊಡುತ್ತಾರೆಯೇ? ಉತ್ತರ ಗೊತ್ತಿಲ್ಲದ ಅಂಗಡಿಯವರು ತೋಟದವರನ್ನು ಕೇಳುತ್ತಾರೆ. ಕೇಳುವ ಗಿರಾಕಿಗಳು ಹೆಚ್ಚಿದರೆ ತೋಟದವರು ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ. ತೋಟದ ಹೆಸರು ಪೊಟ್ಟಣಕ್ಕೆ ಬಂದದ್ದು ಕೊಳ್ಳುವವರು ಅದಕ್ಕೆ ಬೆಲೆ ಕೊಟ್ಟಿದ್ದರಿಂದ. ಕುಯ್ದವರ ಕೂಲಿಯ ಮಾತೂ ಅದೇ ದಾರಿಯಲ್ಲಿ ಬರಬೇಕು. ಈ ವಾರ ಪುಡಿ ತರಲು ಹೋದಾಗ ಮೂರನೆಯ ಪ್ರಶ್ನೆಯನ್ನು ದಯವಿಟ್ಟು ಮರೆಯದೆ ಕೇಳಿ.