ಬೆಳಕು ಸಾಲದ ಮನೆಯಲ್ಲಿ ಗಾಳಿಯ ಗೊಬ್ಬರ

ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯ ಕಾಫಿ ತೋಟಗಳಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಮರಗಸಿ ನಡೆಯುತ್ತದೆ. ಕತ್ತಿ ಹಿಡಿದವನು ನೆರಳಿನ ಹಾಲವಾಣ ಮರದ ಮೇಲಿರುತ್ತಾನೆ. ಕೆಳಗೆ ನಿಂತವರು ಯಾವ ಕೊಂಬೆ ಉಳಿಯಲಿ, ಯಾವುದು ಹೋಗಲಿ ಎಂದು ಕೈ ತೋರಿಸುತ್ತಾರೆ. ಪಶ್ಚಿಮ, ದಕ್ಷಿಣದ ಕೊಂಬೆಗಳಿಗೆ ಕತ್ತಿ ಸುಲಭಕ್ಕೆ ಬೀಳುವುದಿಲ್ಲ, ಇಳಿಹೊತ್ತಿನ ಸುಡುಬಿಸಿಲನ್ನು ತಡೆಯುವುದು ಅವೇ. ನೆರಳು ಅತಿಯಾದರೆ ಮಳೆಗಾಲದಲ್ಲಿ ಕೊಳೆರೋಗ, ಬಿಸಿಲು ಅತಿಯಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ. ಎಷ್ಟು ಬೆಳಕು ಬೇಕು ಎಂಬುದನ್ನು ಗಿಡ ನೋಡಿ ತೀರ್ಮಾನಿಸುವ ಈ ವಿದ್ಯೆಯನ್ನು ನಾನು ಬಹಳ ದೊಡ್ಡದೆಂದು ತಿಳಿದಿದ್ದೇನೆ. ಮನೆಯೊಳಗಿನ ಗಿಡಕ್ಕೆ ಗ್ರೋ ಲೈಟ್ ಹಾಕಿ, ಮೇಲೆ ಕಾರ್ಬನ್ ಡೈಆಕ್ಸೈಡ್ ಕೂಡ ಉಣಿಸುವ ಹೊಸ ಪದ್ಧತಿಯನ್ನು ಅಳೆಯಬೇಕಾದದ್ದೂ ಇದೇ ಕೋಲಿನಿಂದ.

ಪದ್ಧತಿಯ ಹಿಂದಿನ ವಿಜ್ಞಾನದಲ್ಲಿ ದೋಷವಿಲ್ಲ. ಎಲೆಯ ಕೆಲಸಕ್ಕೆ ಬೇಕಾದವುಗಳಲ್ಲಿ ಯಾವುದು ತೀರಾ ಕಡಿಮೆ ಇದೆಯೋ ಅದೇ ಇಡೀ ಕೆಲಸದ ವೇಗವನ್ನು ಕಟ್ಟಿಹಾಕುತ್ತದೆ ಎಂದು ಸಸ್ಯವಿಜ್ಞಾನಿ ಬ್ಲ್ಯಾಕ್‌ಮನ್ 1905ರಲ್ಲೇ ವಿವರಿಸಿದ್ದರು. ಹೊರಗಿನ ಗಾಳಿಯಲ್ಲಿ ಈಗ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ ಇದೆ. ಅದನ್ನು 1000ದ ಆಸುಪಾಸಿಗೆ ಏರಿಸಿದರೆ ಎಲೆಯೊಳಗಿನ ರುಬಿಸ್ಕೊ ಎಂಬ ಕಿಣ್ವ ತಪ್ಪಿ ಆಮ್ಲಜನಕವನ್ನು ಹಿಡಿಯುವುದು ಕಡಿಮೆಯಾಗುತ್ತದೆ, ಎಲೆ ಇನ್ನಷ್ಟು ಬೆಳಕನ್ನು ಅರಗಿಸಿಕೊಳ್ಳುತ್ತದೆ. ಆದರೆ ಆ ಇನ್ನಷ್ಟು ಬೆಳಕು ಇರಬೇಕಲ್ಲ?

ನೆತ್ತಿ ಮೇಲಿನ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್ ಬೆಳಕು ಬೀಳುತ್ತದೆ. ಕಾಫಿ ಎಲೆ 300ರಿಂದ 700ರೊಳಗೇ ತಣಿಯುತ್ತದೆ. ನೆರಳಿನ ಮರಗಳು ತೋಟಕ್ಕೆ ಬಂದದ್ದರಲ್ಲಿ ಅರ್ಥವಿದೆ. ಮನೆಯೊಳಗಿನ ಲೆಕ್ಕ ಇದಕ್ಕೆ ಪೂರ್ತಿ ತದ್ವಿರುದ್ಧ. 15 ವ್ಯಾಟಿನ ಸಾಮಾನ್ಯ ಎಲ್‌ಇಡಿ ಬಲ್ಬಿನ ಕೆಳಗೆ ಒಂದು ಅಡಿಯಲ್ಲಿ 50 ಮೈಕ್ರೊಮೋಲ್ ದೊರೆತರೆ ಹೆಚ್ಚು. ಬಲ್ಬನ್ನು ಎರಡು ಅಡಿಗೆ ಏರಿಸಿದರೆ ಅದೂ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಕುಸಿಯುತ್ತದೆ. ಪೆಟ್ಟಿಗೆಯ ಮೇಲೆ ವ್ಯಾಟ್ ದಪ್ಪಕ್ಷರದಲ್ಲಿ ಇರುತ್ತದೆ, ಎಲೆಯ ಮೇಲೆ ಎಷ್ಟು ಬೀಳುತ್ತದೆ ಎಂಬುದು ಇರುವುದು ಅಪರೂಪ. ಕೊಳ್ಳುವವರಿಗೆ ಆಗುತ್ತಿರುವ ನಿಜವಾದ ಅನ್ಯಾಯ ಇದು. ಇಂಥ ಮಬ್ಬಿನಲ್ಲಿ ಅನಿಲ ಹೆಚ್ಚಿಸಿದರೆ ಲಾಭ ಸೊನ್ನೆ ಎನ್ನಲಾಗದು, ಕಿಣ್ವದ ಪೋಲು ತಗ್ಗುವುದರಿಂದ ಸ್ವಲ್ಪ ಅನುಕೂಲ ಇದ್ದೇ ಇದೆ. ಆದರೆ ಕಡಿಮೆ ಬೆಳವಣಿಗೆಯ ಮೇಲೆ ಒಂದಿಷ್ಟು ಸೇರಿದರೂ ಅದು ಕಡಿಮೆಯೇ. ಒಲೆ ಹಚ್ಚದೆ ಪಾತ್ರೆಗೆ ಅಕ್ಕಿ ಸುರಿಯುತ್ತಾ ಹೋದಂತೆ.

ಈ ಅನಿಲಕ್ಕೆಂದು ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ಗಿಡದ ಪಕ್ಕ ಇಡುವ ಬಾಟಲಿಯದೂ ಲೆಕ್ಕ ಹಾಕೋಣ. ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಕೋಣೆಯನ್ನು 420ರಿಂದ 1000ಕ್ಕೆ ಏರಿಸಲು ಬೇಕಾದ ಅನಿಲ ಸುಮಾರು 30 ಗ್ರಾಂ. ಕೋಣೆಯ ಗಾಳಿ ಗಂಟೆಗೊಮ್ಮೆ ಬದಲಾಗುತ್ತದೆ ಎಂದುಕೊಂಡರೂ ದೀಪ ಉರಿಯುವ 12 ಗಂಟೆಗೆ 360 ಗ್ರಾಂ ಬೇಕು. ಅಂದರೆ ದಿನಕ್ಕೆ 700 ಗ್ರಾಂ ಸಕ್ಕರೆ ಪೂರ್ತಿ ಹುಳಿಯಬೇಕು. ಮಲೆನಾಡಿನ ಹೆಂಚಿನ ಮನೆಯಲ್ಲಿ ಗಾಳಿ ಅದಕ್ಕಿಂತ ಎಷ್ಟೋ ಬೇಗ ಓಡುತ್ತದೆ. ಇನ್ನೊಂದು ಮಾತು: ಸುಮ್ಮನೆ ಕುಳಿತ ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಬಿಡುವ ಉಸಿರಿನಲ್ಲೇ ಆ 30 ಗ್ರಾಂ ಇದೆ! ಮುಚ್ಚಿದ ಕೋಣೆಯಲ್ಲಿ ಇಬ್ಬರು ಕುಳಿತು ಮಾತಾಡುತ್ತಿದ್ದರೆ ಗಿಡಕ್ಕೆ ಕೊಡಬೇಕೆಂದಿದ್ದ ಗಾಳಿಯ ಗೊಬ್ಬರ ತಾನಾಗಿ ಸಿಕ್ಕಿರುತ್ತದೆ. ಸಿಲಿಂಡರ್ ತಂದು ಬಿಡುವುದಂತೂ ಮನೆಮಂದಿಯ ಜೀವಕ್ಕೆ ಸಂಬಂಧಿಸಿದ ವಿಷಯ. ಈ ಅನಿಲಕ್ಕೆ ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ; ಮಲಗುವ ಕೋಣೆಗೆ ಅದನ್ನು ತರಲೇಬಾರದು.

ಈ ಪದ್ಧತಿ ಸಾರ್ಥಕವಾಗಿರುವ ಜಾಗಗಳಿವೆ. ನೆದರ್‌ಲೆಂಡ್ಸ್‌ನ ಗಾಜಿನ ಮನೆಗಳಿಗೆ ಕಾರ್ಖಾನೆಗಳಿಂದ ಕೊಳವೆಯಲ್ಲೇ ಈ ಅನಿಲ ಬರುತ್ತದೆ. ಅಲ್ಲಿ ಚಳಿಗೆ ಕಿಟಕಿ ಮುಚ್ಚಿರುತ್ತದೆ, ದೀಪಗಳು ಪ್ರಖರವಾಗಿರುತ್ತವೆ, ನೀರು, ಗೊಬ್ಬರ, ಶಾಖ ಎಲ್ಲವೂ ಅದರ ಜತೆಗೇ ಹೆಚ್ಚುತ್ತವೆ. ಹಳೇಬೀಡು, ಅರಸೀಕೆರೆ ಸೀಮೆಯ ಪಾಲಿಹೌಸಿಗೆ ಅದನ್ನು ಹಾಗೇ ಎತ್ತಿ ತರಲಾಗದು. ಬೇಸಿಗೆಯಲ್ಲಿ ಒಳಗಿನ ಸೆಕೆ ಹೊರಹಾಕಲು ಪಕ್ಕದ ಪರದೆ ಎತ್ತಲೇಬೇಕು, ಎತ್ತಿದೊಡನೆ ದುಡ್ಡು ಕೊಟ್ಟು ತಂದ ಅನಿಲವೂ ಹೊರಟುಹೋಗುತ್ತದೆ. ಇಲ್ಲಿ ಬೆಳಕಿಗೇನೂ ಬರವಿಲ್ಲ. ಶೇಡ್ ನೆಟ್ ಕಟ್ಟಿ ತಗ್ಗಿಸಬೇಕಾದಷ್ಟಿದೆ.

ಕಾಫಿಯ ಮೇಲೆಯೇ ಬ್ರೆಜಿಲ್‌ನ ಜಗ್ವಾರಿಯೂನದಲ್ಲಿ 2011ರಿಂದ ಬಯಲಿನಲ್ಲಿ ಈ ಅನಿಲದ ಪ್ರಯೋಗ ನಡೆದಿದೆ. ಸುತ್ತಲಿನ ಗಾಳಿಗಿಂತ ಸುಮಾರು 200 ಪಿಪಿಎಂ ಹೆಚ್ಚು ಕೊಟ್ಟಾಗ ಎಲೆಗಳ ಆಹಾರ ತಯಾರಿ ಹೆಚ್ಚಿತು. ಅದು ತೆರೆದ ಬಿಸಿಲಿನ ತೋಟ ಎಂಬುದನ್ನು ಮರೆಯಬಾರದು. ದಟ್ಟ ನೆರಳಿನ ನಮ್ಮ ತೋಟಕ್ಕೆ ಅದೇ ಫಲಿತಾಂಶವನ್ನು ಹೊಂದಿಸುವ ಮೊದಲು ಇಲ್ಲಿನ ಬೆಳಕಿನಲ್ಲೇ ಪರೀಕ್ಷೆ ಆಗಬೇಕು. ಪಕ್ಕದ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇರುವಾಗ ಇದು ಅತಿಯಾದ ಆಸೆಯಲ್ಲ.

ಮನೆಯ ಆಂಥೂರಿಯಂ, ಆರ್ಕಿಡ್ ಸೊರಗಿದ್ದರೆ ಮೊದಲು ದೀಪವನ್ನು ಕೆಳಗಿಳಿಸಿ, ಟೈಮರ್ ಹಾಕಿ 12 ಗಂಟೆ ಉರಿಸಿ, ಎಲೆಯ ಮೇಲಿನ ಧೂಳು ಒರೆಸಿ. ಎಲೆಯ ಮಟ್ಟದಲ್ಲಿ ನಾಲ್ಕೈದು ನೂರು ಮೈಕ್ರೊಮೋಲ್ ದಾಟಿಸುವಷ್ಟು ದೀಪ, ಗಾಳಿಯಾಡದ ಪೆಟ್ಟಿಗೆಯಂಥ ಜಾಗ, ಅನಿಲ ಅಳೆಯುವ ಮೀಟರ್ ಈ ಮೂರೂ ಇದ್ದವರು ಮಾತ್ರ ಸಿಲಿಂಡರಿನ ಬೆಲೆ ವಿಚಾರಿಸಲಿ.