ತಾಯಿ ಕಾರ್ಡಿನಲ್ಲಿ ಗದ್ದೆಗೆ ಜಾಗವಿಲ್ಲ

ಸರ್ಕಾರ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಹಿಡಿದರೆ ಬಸುರಿಯ ಆರೋಗ್ಯವೆಲ್ಲ ಕಣ್ಣಮುಂದೆ ಇದ್ದಂತೆ ಎಂಬ ಹೊಗಳಿಕೆ ಆರೋಗ್ಯದ ಬಗ್ಗೆ ಬರೆಯುವವರಲ್ಲಿ ರೂಢಿಯಾಗಿದೆ. ಆಸ್ಪತ್ರೆ ಹೆರಿಗೆ ಹೆಚ್ಚಿದ್ದರಲ್ಲಿ ಅದರ ಪಾಲಿದೆ, ತಕರಾರಿಲ್ಲ. ಆದರೆ ಈ ಹೊಗಳಿಕೆ ಅತಿಯಾಯಿತು.

ಗಂಡಾಂತರ ಗರ್ಭಿಣಿಯನ್ನು ಗುರುತಿಸುವ ಭಾಗವನ್ನೇ ಓದಿ. ರಕ್ತದೊತ್ತಡ, ಸಕ್ಕರೆ, ಎತ್ತರ, ಹಿಂದಿನ ಸಿಸೇರಿಯನ್, 7 ಗ್ರಾಂಗಿಂತ ಇಳಿದ ಹಿಮೋಗ್ಲೋಬಿನ್: ಗಂಡಾಂತರವೆಲ್ಲ ಅವಳ ಮೈಯೊಳಗೇ ಹುಟ್ಟುತ್ತದೆ ಎಂಬಂತೆ ಈ ಪಟ್ಟಿಯಿದೆ. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಂಥ ಬೇಸಾಯದ ಸೀಮೆಯಲ್ಲಿ ಕೂಲಿಗೆ ಹೋಗುವ ಬಸುರಿ ಬೆಳೆಗೆ ಕೀಟನಾಶಕ ಔಷಧಿ ಹೊಡೆದ ಎಷ್ಟನೇ ದಿನಕ್ಕೆ ಗದ್ದೆಗೆ ಇಳಿದಳು? ಔಷಧಿ ಹೊಡೆದು ಬಂದವನ ಬಟ್ಟೆ ಒಗೆದವರು ಯಾರು? ಡಬ್ಬ ಇಟ್ಟಿರುವುದು ಮನೆಯೊಳಗೋ ಹೊರಗೋ? ಮೊಬೈಲ್ ಸಂಖ್ಯೆ ಬರೆಯಲು ಜಾಗವಿರುವ ಕಾರ್ಡಿನಲ್ಲಿ ಇವಕ್ಕೆ ಒಂದು ಕಾಲಂ ಇಲ್ಲ.

ಕೀಟನಾಶಕದಿಂದ ಗರ್ಭಕ್ಕೆ ಅಪಾಯ ಎಂಬುದು ಊಹೆಯ ಭಯವಲ್ಲ. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ತಂಡ 1999ರಿಂದ ಸುಮಾರು 600 ಬಸುರಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಹೆಚ್ಚಿನವರು ಮೆಕ್ಸಿಕೊ ಮೂಲದ ಕೃಷಿ ಕೂಲಿ ಕುಟುಂಬದವರು. ಆರ್ಗನೋಫಾಸ್ಫೇಟ್ ಕೀಟನಾಶಕದ ಅಂಶ ಮೂತ್ರದಲ್ಲಿ ಅತಿ ಹೆಚ್ಚಿದ್ದ ತಾಯಂದಿರ ಮಕ್ಕಳ ಬುದ್ಧಿಮತ್ತೆಯ ಸರಾಸರಿ, ಅತಿ ಕಡಿಮೆಯಿದ್ದವರ ಮಕ್ಕಳಿಗಿಂತ, ಏಳನೇ ವಯಸ್ಸಿನಲ್ಲಿ 7 ಅಂಕ ಕೆಳಗಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಅದೇ ಕೀಟನಾಶಕ ಗುಂಪಿನ ಕ್ಲೋರ್‌ಪೈರಿಫಾಸ್ ನಮ್ಮಲ್ಲಿ ಕಬ್ಬಿನ ಕಾಂಡಕೊರಕಕ್ಕೂ ಬಳಕೆಯಲ್ಲಿದೆ. ಕೇಂದ್ರ ಸರ್ಕಾರ 2020ರ ಮೇ ತಿಂಗಳ ಕರಡು ಆದೇಶದಲ್ಲಿ ನಿಷೇಧಿಸಲು ಹೊರಟ 27 ಕೀಟನಾಶಕಗಳಲ್ಲಿ ಅದೂ ಇತ್ತು. ಕರಡು ಪೂರ್ತಿ ಜಾರಿಯಾಗಲಿಲ್ಲ.

ಕಾರ್ಡಿನ ಸಮರ್ಥಕರ ವಾದ ಇದು: ಪರೀಕ್ಷಿಸಲು ಪ್ರಯೋಗಾಲಯವಿಲ್ಲ, ಕೊಡಲು ಚಿಕಿತ್ಸೆಯಿಲ್ಲ, ಕೇಳಿ ಮಾಡುವುದೇನು? ಈ ವಾದ ಸೋಮಾರಿತನದ್ದು. ಔಷಧಿ ಹೊಡೆದ ಗದ್ದೆಗೆ ಕೆಲವು ದಿನ ಇಳಿಯದಿರುವುದಕ್ಕೆ, ಆ ಬಟ್ಟೆಯನ್ನು ಗಂಡನೇ ಬೇರೆಯಾಗಿ ಒಗೆಯುವುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಆಶಾ ಕಾರ್ಯಕರ್ತೆ ಬಾಯಲ್ಲಿ ಹೇಳಿದ್ದನ್ನು ಮನೆಯವರು ತಳ್ಳಿಹಾಕಬಹುದು; ಸರ್ಕಾರದ ಕಾರ್ಡಿನಲ್ಲಿ ಅಚ್ಚಾಗಿದ್ದರೆ ಅವಳ ಮಾತಿಗೆ ತೂಕ ಬರುತ್ತದೆ. ಇನ್ನು ‘ಹಳ್ಳಿ ಹೆಂಗಸರಿಗೆ ಅರಿವಿಲ್ಲ’ ಎಂದು ಬರೆಯುವವರು ಕೂಲಿಯ ಲೆಕ್ಕವನ್ನೇ ಮರೆತಿದ್ದಾರೆ. ಅಪಾಯ ತಿಳಿದವಳೂ ದಿನಗೂಲಿ ತಪ್ಪಿದರೆ ಉಣ್ಣುವುದೇನು ಎಂದೇ ಗದ್ದೆಗೆ ಇಳಿಯುತ್ತಾಳೆ. ಹಾಗಾಗಿ ಕಾಲಂ ಜೊತೆಗೆ ಆ ದಿನಗಳಿಗೆ ಬೇರೆ ಕೆಲಸ ಕೊಡಿಸುವ ಹೊಣೆಯನ್ನು ಪಂಚಾಯಿತಿಗೆ ವಹಿಸಬೇಕು.

ರಕ್ತಹೀನತೆಯ ಬಸುರಿಯನ್ನು ಈ ಕಾರ್ಡ್ ಕಾಪಾಡಬಲ್ಲದು, ಗದ್ದೆಯ ಬಸುರಿಯನ್ನು ಅದು ಕಂಡೇ ಇಲ್ಲ. ಆರೋಗ್ಯ ಇಲಾಖೆ ಮುಂದಿನ ಮುದ್ರಣದಲ್ಲಿ ಮೇಲಿನ ಮೂರು ಪ್ರಶ್ನೆಗಳನ್ನು ಸೇರಿಸಲಿ.